ಬಿಸಿಯಾದ್ರೆ ಕುಗ್ಗೋ ಜೆಲ್: ಹಾಸನದ ಲ್ಯಾಬಲ್ಲಿ ಮಾಡಿದ್ದು, ತೊಳೆದಿದ್ದು

ಎಂಎಸ್ಸಿ ಕೊನೇ ಸೆಮ್‌ನಲ್ಲಿ ಪ್ರಾಜೆಕ್ಟ್ ಇರುತ್ತಲ್ಲ, ನಮ್ಮ ಬ್ಯಾಚಲ್ಲಿ ಹೆಚ್ಚಿನವರು ನೀರಿನ ಸ್ಯಾಂಪಲ್ ಟೆಸ್ಟಿಂಗೋ ನ್ಯಾನೋ ಪಾರ್ಟಿಕಲ್ಲೋ ತಗೊಂಡ್ರು, ನಾನು ಸ್ಮಾರ್ಟ್ ಪಾಲಿಮರ್ ತಗೊಂಡೆ, ಅಂದ್ರೆ ಸುತ್ತಲಿನ ಬಿಸಿಗೋ ಆಸಿಡ್ಡಿಗೋ ತಕ್ಕಂತೆ ಗುಣ ಬದಲಿಸೋ ಉದ್ದ ಸರಪಳಿ ಥರದ ಅಣುಗಳು. ಕಾರಣ ಮೇಡಂ ಕ್ಲಾಸಲ್ಲಿ ಹೇಳಿದ ಒಂದೇ ಒಂದು ನಂಬರು, 32. ಪಾಲಿ ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್ ಅಂತ ಒಂದು ಪಾಲಿಮರ್ ಇದೆ, ಅಷ್ಟುದ್ದ ಯಾರೂ ಹೇಳಲ್ಲ, ಪಿನೈಪಾಮ್ ಅಂತಾರೆ, ಅದು ತಣ್ಣೀರಲ್ಲಿ ಆರಾಮಾಗಿ ಕರಗಿರುತ್ತೆ, ಸುಮಾರು 32 ಡಿಗ್ರಿ ದಾಟ್ತಿದ್ದ ಹಾಗೇ ನೀರು ಬಿಟ್ಟು ಬೆಳ್ಳಗಾಗಿಬಿಡುತ್ತೆ, ತಣ್ಣಗೆ ಮಾಡಿದ್ರೆ ಮತ್ತೆ ತಿಳಿಯಾಗುತ್ತೆ. ನಮ್ಮ ಮೈ 37 ಡಿಗ್ರಿ, ಹಾಸನದ ರೂಮು ವರ್ಷದಲ್ಲಿ ಹೆಚ್ಚು ಕಾಲ 25ರ ಆಸುಪಾಸು, ಈ ಎರಡರ ನಡುವೆ ಸರಿಯಾಗಿ ಬಂದು ಕೂತಿದೆ ಆ ನಂಬರು. ಹೊರಗಡೆ ಒಂದು ಥರ, ಮೈ ಒಳಗೆ ಹೋದ್ಮೇಲೆ ಇನ್ನೊಂದು ಥರ ಇರೋ ವಸ್ತು ಅಂದ್ರೆ ಔಷಧಿ ಕೊಡೋರಿಗೆ ಎಷ್ಟು ಆಸೆ ಆಗ್ಬೇಡ ಹೇಳಿ.

ಈ ಗುಣವನ್ನ ಟೊರಾಂಟೋದ ಹೆಸ್ಕಿನ್ಸ್ ಮತ್ತು ಗಿಯೆ 1968ರಲ್ಲೇ ಬರೆದಿದ್ರು. 1978ರಲ್ಲಿ ಎಂಐಟಿಯ ತೊಯೊಯಿಚಿ ತನಾಕ ಬೇರೆ ಒಂದು ಅಕ್ರಿಲಮೈಡ್ ಜೆಲ್ (ಪಾಲಿಮರ್ ಸರಪಳಿಗಳನ್ನ ಒಂದಕ್ಕೊಂದು ಕಟ್ಟಿದ, ಕರಗದೆ ನೀರು ಹಿಡಿದಿಟ್ಕೊಳ್ಳೋ ಬಲೆ) ಇಟ್ಕೊಂಡು, ಅದು ಅಸಿಟೋನ್-ನೀರಿನ ಮಿಶ್ರಣದಲ್ಲಿ ಒಂದು ಹಂತ ದಾಟಿದ ಕೂಡಲೇ ಧಡ್ ಅಂತ ಕುಸಿಯುತ್ತೆ ಅಂತ ತೋರಿಸಿದ ಮೇಲೆ ಜೆಲ್‌ಗಳ ಬಗ್ಗೆ ಜನಕ್ಕೆ ನಿಜವಾದ ಕುತೂಹಲ ಬಂತು. ನಮ್ಮ ಕಡೆಯವರೂ ಇದ್ದಾರೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತೇಜರಾಜ್ ಅಮಿನಭಾವಿ ಅವರ ಗುಂಪು ಔಷಧಿ ಬಿಡುಗಡೆ ಮಾಡೋ ಪಾಲಿಮರ್‌ಗಳ ಮೇಲೆ ಎಷ್ಟೋ ವರ್ಷ ಕೆಲಸ ಮಾಡಿದೆ, ನಾನು ಓದೋಕೆ ಶುರು ಮಾಡಿದ್ದೇ ಅವರ ಪೇಪರ್‌ಗಳಿಂದ.

ಮನೇಲಿ ಏನಮ್ಮ ನಿನ್ನ ಪ್ರಾಜೆಕ್ಟು ಅಂತ ಕೇಳಿದಾಗ ಅಪ್ಪ ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ನುಂಗೋ ಗ್ಯಾಸ್ ಮಾತ್ರೆ ಸ್ಟ್ರಿಪ್ಪನ್ನೇ ತೋರಿಸಿದೆ. ಪ್ಯಾಂಟೊಪ್ರಜೋಲ್ ಅದು. ಆ ಔಷಧಿಗೆ ಆಸಿಡ್ ಆಗಲ್ಲ, ಹೊಟ್ಟೆಯ ಆಸಿಡ್ಡಿಗೆ ಸಿಕ್ರೆ ಅಲ್ಲೇ ಹಾಳಾಗುತ್ತೆ, ಅದಕ್ಕೆ ಮಾತ್ರೆ ಮೇಲೆ ಆಸಿಡ್ಡಲ್ಲಿ ಕರಗದ, ಕರುಳಿನ ಪಿಎಚ್‌ನಲ್ಲಿ (ಪಿಎಚ್ ಅಂದ್ರೆ ಆಸಿಡ್ಡಿನ ಅಳತೆ, ಕಡಿಮೆ ಇದ್ದಷ್ಟೂ ಆಸಿಡ್ ಜಾಸ್ತಿ) ಮಾತ್ರ ಕರಗೋ ಒಂದು ಪದರ ಬಳಿದಿರ್ತಾರೆ. ಸಾಮಾನ್ಯವಾಗಿ ಮೆಥಕ್ರಿಲಿಕ್ ಆಸಿಡ್ ಇರೋ ಪಾಲಿಮರ್. ಅದರಲ್ಲಿರೋ ಆಸಿಡ್ ಗುಂಪುಗಳು ಕಡಿಮೆ ಪಿಎಚ್‌ನಲ್ಲಿ ಹೈಡ್ರೋಜನ್ ಹಿಡ್ಕೊಂಡು ಸುಮ್ಮನಿರುತ್ವೆ, ಪಿಎಚ್ ಐದೂವರೆ ಆರು ದಾಟಿದ್ರೆ ಹೈಡ್ರೋಜನ್ ಬಿಟ್ಟು ಚಾರ್ಜ್ ಆಗುತ್ವೆ, ಚಾರ್ಜ್ ಆದ ಸರಪಳಿಗಳು ಒಂದನ್ನೊಂದು ತಳ್ಳುತ್ವೆ, ನೀರು ಒಳಗೆ ನುಗ್ಗುತ್ತೆ, ಪದರ ಕರಗುತ್ತೆ. ಲ್ಯಾಬಲ್ಲಿ ಎರಡು ಮಾತ್ರೆ ತಗೊಂಡು ನೋಡೇ ಬಿಟ್ವಿ. ಒಂದನ್ನ ಹಾಗೇ, ಇನ್ನೊಂದನ್ನ ಬ್ಲೇಡಲ್ಲಿ ಅರ್ಧ ಮಾಡಿ, ಎರಡನ್ನೂ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್ಡಲ್ಲಿ ಹಾಕಿದ್ವಿ. ಇಡೀ ಮಾತ್ರೆ ಎರಡು ಗಂಟೆ ಆದ್ರೂ ಹಂಗೇ ಹಳದಿಯಾಗಿ ನುಣ್ಣಗೆ ಕೂತಿತ್ತು, ಅರ್ಧ ಮಾಡಿದ್ದು ಸ್ವಲ್ಪ ಹೊತ್ತಿಗೇ ಕತ್ತರಿಸಿದ ಕಡೆಯಿಂದ ಪುಡಿ ಉದುರಿಸ್ತಾ ಕಂದು ಬಣ್ಣಕ್ಕೆ ತಿರುಗ್ತು. ಆಮೇಲೆ ಇಡೀ ಮಾತ್ರೆಯನ್ನ ಪಿಎಚ್ 6.8ರ ಫಾಸ್ಫೇಟ್ ಬಫರ್‌ಗೆ, ಅಂದ್ರೆ ಪಿಎಚ್ ಬದಲಾಗದ ಹಾಗೆ ಹಿಡಿದಿಡೋ ದ್ರಾವಣಕ್ಕೆ, ಹಾಕಿದಾಗ ಪದರ ಮೆತ್ತಗಾಗಿ ಬಿಚ್ಕೊಳ್ತು. ಅಪ್ಪ ನುಂಗೋಕೆ ಕಷ್ಟ ಅಂತ ಕೆಲವು ಸಲ ಮಾತ್ರೆ ಮುರಿದು ತಗೊಳ್ತಿದ್ರು, ಇದರ ಫೋಟೋ ತೋರಿಸಿದ ಮೇಲೆ ಬಿಟ್ರು. ಈ ಥರ ಮಾತ್ರೆ ಮುರೀಬೇಡಿ, ಪುಡಿ ಮಾಡ್ಬೇಡಿ ಅಂತ ಸ್ಟ್ರಿಪ್ಪಲ್ಲೇ ಬರೆದಿರುತ್ತೆ, ಆ ಸಣ್ಣ ಅಕ್ಷರ ಓದೋರು ಯಾರು.

ಸರಿ, ಪಿನೈಪಾಮ್ ಜೆಲ್‌ಗೆ ಬರ್ತೀನಿ. ಪುಸ್ತಕದಲ್ಲಿ ನೋಡಿದ್ರೆ ತುಂಬಾ ಸುಲಭ. ನೈಪಾಮ್ ಮಾನೋಮರ್ (ಪಾಲಿಮರ್ ಸರಪಳಿಯ ಒಂದೊಂದು ಕೊಂಡಿ) ಒಂದು ಗ್ರಾಂ, ಹತ್ತು ಎಂಎಲ್ ನೀರು, ಸರಪಳಿಗಳನ್ನ ಒಂದಕ್ಕೊಂದು ಕಟ್ಟೋಕೆ ಮೆಥಿಲೀನ್ ಬಿಸ್ ಅಕ್ರಿಲಮೈಡ್ ಇಪ್ಪತ್ತು ಮಿಲಿಗ್ರಾಂ, ಶುರು ಮಾಡೋಕೆ ಅಮೋನಿಯಂ ಪರ್‌ಸಲ್ಫೇಟ್ ಚೂರು, ವೇಗ ಕೊಡೋಕೆ ಟೆಮೆಡ್ ಕೆಲವು ಹನಿ. ಆದ್ರೆ ಎರಡು ವಿಷಯ ಇಲ್ಲಿ ಬಹಳ ಮುಖ್ಯ, ಒಂದು ಆಮ್ಲಜನಕ, ಇನ್ನೊಂದು ಶಾಖ. ದ್ರಾವಣದಲ್ಲಿ ಆಮ್ಲಜನಕ ಇದ್ರೆ ಅದು, ಸರಪಳಿ ಬೆಳೆಸೋಕೆ ಅಂತ ಹುಟ್ಟಿದ ರ‍್ಯಾಡಿಕಲ್‌ಗಳನ್ನೆಲ್ಲಾ ತಿಂದುಹಾಕುತ್ತೆ, ಜೆಲ್ ಕಟ್ಟೋದೇ ಇಲ್ಲ. ನೈಟ್ರೋಜನ್ ಗ್ಯಾಸ್ ಬಿಟ್ಟು ಅದನ್ನ ಹೊರಗೆ ಓಡಿಸಬೇಕು. ನಮ್ಮ ಲ್ಯಾಬಿನ ಸಿಲಿಂಡರ್ ಖಾಲಿಯಾಗಿ ರೀಫಿಲ್ಲಿಗೆ ಹೋಗಿತ್ತು, ಕ್ಲಾಸ್‌ಮೇಟ್ ಒಬ್ಬ ಬಿಎಂ ರೋಡಲ್ಲಿ ಟೈರಿಗೆ ನೈಟ್ರೋಜನ್ ಹಾಕ್ತಾರಲ್ಲ, ಒಂದು ಟ್ಯೂಬಲ್ಲಿ ತುಂಬಿಸ್ಕೊಂಡು ಬರ್ಲಾ ಅಂದ. ಮೇಡಂ ನಗಲಿಲ್ಲ, ಕೂತ್ಕೊಂಡು ವಿವರಿಸಿದ್ರು, ಟೈರ್ ಅಂಗಡಿಯ ನೈಟ್ರೋಜನ್‌ನಲ್ಲಿ ಸ್ವಲ್ಪ ಆಮ್ಲಜನಕ ಉಳಿದಿರುತ್ತೆ ಕಣೋ, ಟೈರಿಗೆ ಅದು ಲೆಕ್ಕಕ್ಕಿಲ್ಲ, ನಮಗೆ ಅದೇ ಶತ್ರು ಅಂತ. ಸಿಲಿಂಡರ್ ಬರೋವರೆಗೂ ಕಾದ್ವಿ.

ಶಾಖದ ಕಥೆ ಇನ್ನೂ ಚೆನ್ನಾಗಿದೆ. ಈ ರಿಯಾಕ್ಷನ್ ನಡೆಯುವಾಗ ತಾನೇ ಬಿಸಿ ಹುಟ್ಟಿಸುತ್ತೆ. ಜೆಲ್ ಕಟ್ತಾ ಇರೋವಾಗ್ಲೇ ಒಳಗಿನ ಬಿಸಿ 32 ದಾಟಿದ್ರೆ, ಹುಟ್ಟುತ್ತಿರೋ ಪಾಲಿಮರ್ ಅಲ್ಲಲ್ಲೇ ಮುದ್ದೆಯಾಗಿ ಇಡೀ ಜೆಲ್ ಬೆಳ್ಳಗೆ, ಒಂದು ಕಡೆ ಗಟ್ಟಿ ಒಂದು ಕಡೆ ಸಡಿಲ ಬರುತ್ತೆ. ಹಂಗಾಗಿ ಐಸ್ ಬಾತಲ್ಲೇ ಮಾಡ್ಬೇಕು. ಹಾಸನವನ್ನ ಬಡವರ ಊಟಿ ಅಂತಾರೆ ನಿಜ, ಆದ್ರೆ ಏಪ್ರಿಲ್ ಮಧ್ಯಾಹ್ನ ಲ್ಯಾಬಿನ ಥರ್ಮಾಮೀಟರ್ ನೋಡಿದ್ರೆ ಆ ಮಾತು ಬಾಯಿಗೆ ಬರಲ್ಲ. ಲ್ಯಾಬಿನ ಫ್ರಿಜ್ಜಲ್ಲಿ ಆಗೋ ಐಸ್ ಟ್ರೇ ಸಾಲಲ್ಲ, ಅಟೆಂಡರ್ ಅಣ್ಣ ಬೆಳಿಗ್ಗೆ ಬರ್ತಾ ಮೀನಿನ ಅಂಗಡಿಯಿಂದ ಐಸ್ ಗಡ್ಡೆ ತಂದ್ಕೊಡ್ತಿದ್ರು, ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೆಯಲ್ಲಿ ಕುಟ್ಟಿ ಟಬ್ಬಿಗೆ ಹಾಕೋದು. ಅವರ ಆ ಸಹಾಯ ಇಲ್ದಿದ್ರೆ ಈ ಪ್ರಾಜೆಕ್ಟ್ ಇಲ್ಲ, ಥೀಸಿಸ್ಸಿನ ಕೃತಜ್ಞತೆ ಪುಟದಲ್ಲಿ ಅವರ ಹೆಸರು ಮೊದಲ ಸಾಲಲ್ಲೇ ಇದೆ.

ಸೂಜಿ ತೆಗೆದ ಸಿರಿಂಜೇ ನಮ್ಮ ಅಚ್ಚು. ಅದರೊಳಗೆ ದ್ರಾವಣ ಎಳ್ಕೊಂಡು ಬಾಯಿ ಮುಚ್ಚಿ ಐಸಲ್ಲಿ ಇಟ್ರೆ ಆಮೇಲೆ ಗಟ್ಟಿಯಾದ ತಿಳಿ ಕಡ್ಡಿ ಥರ ಹೊರಗೆ ಬರುತ್ತೆ, ತುದಿ ಕತ್ತರಿಸಿ ಪಿಸ್ಟನ್ ತಳ್ಳಬೇಕು ಅಷ್ಟೇ. ಅದನ್ನ ಬ್ಲೇಡಲ್ಲಿ ಬಿಲ್ಲೆ ಬಿಲ್ಲೆ ಮಾಡಿ ಒಂದನ್ನ 40 ಡಿಗ್ರಿ ನೀರಿಗೆ ಬಿಟ್ಟೆ. ಗಾಜಿನ ಹಾಗೆ ಇದ್ದದ್ದು ಮೊದಲು ಅಂಚಲ್ಲಿ ಮಂಜು ಕವಿದಂಗಾಯ್ತು, ಆ ಮಂಜು ಒಳಗೊಳಗೆ ಹರಿದು ಪೂರ್ತಿ ಹಾಲುಬಿಳಿ ಆಯ್ತು, ಆಮೇಲೆ ಕಣ್ಣೆದುರೇ ಚಿಕ್ಕದಾಗ್ತಾ ಹೋಯ್ತು. ಓದಿದ್ದು ಬೇರೆ, ಇದನ್ನ ನೋಡಿದ್ದು ಬೇರೆ. ಲ್ಯಾಬಲ್ಲಿ ಇದ್ದವರೆಲ್ಲಾ ಬೀಕರ್ ಸುತ್ತ ಸೇರಿದ್ರು. ತಣ್ಣಗಿರುವಾಗ ಪಾಲಿಮರಿನ ಅಮೈಡ್ ಗುಂಪುಗಳು ನೀರಿನ ಜೊತೆ ಹೈಡ್ರೋಜನ್ ಬಂಧ ಮಾಡ್ಕೊಂಡಿರುತ್ವೆ, ನೀರಿಗೆ ಆಗದ ಐಸೊಪ್ರೊಪೈಲ್ ಗುಂಪುಗಳ ಸುತ್ತ ನೀರು ಶಿಸ್ತಾಗಿ ಸಾಲುಗಟ್ಟಿ ನಿಂತಿರುತ್ತೆ, ಬಿಸಿ ಏರಿದಾಗ ಆ ಶಿಸ್ತು ನೀರಿಗೆ ದುಬಾರಿಯಾಗಿ ಅದು ಬಿಟ್ಟು ಹೊರಡುತ್ತೆ, ಐಸೊಪ್ರೊಪೈಲ್‌ಗಳು ಒಂದಕ್ಕೊಂದು ಅಂಟ್ಕೊಳ್ಳುತ್ವೆ. ಸಕ್ಕರೆ ಉಪ್ಪು ಎಲ್ಲಾ ಬಿಸಿನೀರಲ್ಲಿ ಜಾಸ್ತಿ ಕರಗೋದನ್ನ ನೋಡಿ ಬೆಳೆದವರಿಗೆ ಈ ಉಲ್ಟಾ ನಡವಳಿಕೆ ಮನಸ್ಸಿಗೆ ಇಳಿಯೋಕೆ ಸ್ವಲ್ಪ ಟೈಮ್ ಬೇಕು.

ಈಗ ನಾನು ನಿಜವಾಗ್ಲೂ ಹೇಳ್ಬೇಕಂತಿರೋ ವಿಷಯ. ಜೆಲ್ ಕುಗ್ಗೋದು ಹಿಗ್ಗೋದು ಒಂದೇ ದಿನದಲ್ಲಿ ಸಿಕ್ಕಿಬಿಡುತ್ತೆ, ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕ್ಬಹುದು, ಎಲ್ಲರೂ ವಾವ್ ಅಂತಾರೆ. ಅದನ್ನ ಒಬ್ಬ ಮನುಷ್ಯನ ಮೈಗೆ ಹಾಕೋ ಯೋಗ್ಯತೆ ಬರ್ಬೇಕಂದ್ರೆ ಮಾಡ್ಬೇಕಾದ ಕೆಲಸದಲ್ಲಿ ಮುಕ್ಕಾಲು ಪಾಲು ತೊಳೆಯೋದು. ಯಾಕಂದ್ರೆ ಅಕ್ರಿಲಮೈಡ್ ನರಗಳಿಗೆ ವಿಷ, ನೈಪಾಮ್ ಮಾನೋಮರ್ ಅದೇ ಕುಟುಂಬದ್ದು, ಮುಟ್ಟೋವಾಗ್ಲೇ ಗ್ಲೌಸ್ ಬೇಕು. ಪಾಲಿಮರ್ ಆದ್ಮೇಲೆ ಅಪಾಯ ಇಲ್ಲ ಅಂತಾರೆ ಸರಿ, ಆದ್ರೆ ಎಲ್ಲಾ ಮಾನೋಮರ್ ಪಾಲಿಮರ್ ಆಗಿರಲ್ಲ, ಸ್ವಲ್ಪ ಜೆಲ್ ಒಳಗೇ ಸಿಕ್ಕಾಕೊಂಡಿರುತ್ತೆ, ಜೊತೆಗೆ ಪರ್‌ಸಲ್ಫೇಟು, ಟೆಮೆಡ್ಡು. ಕಣ್ಣಿಗೆ ಕಾಣಲ್ಲ.

ತೊಳೆಯೋಕೆ ಜೆಲ್ಲಿನ ಗುಣವನ್ನೇ ಬಳಸ್ಕೋಬಹುದು ಅನ್ನೋದು ನನಗೆ ಬಹಳ ಇಷ್ಟ ಆದ ಸಂಗತಿ. ಬಿಲ್ಲೆಗಳನ್ನ ತಣ್ಣನೆ ಡಿಸ್ಟಿಲ್ಡ್ ವಾಟರಲ್ಲಿ ರಾತ್ರಿಯಿಡೀ ಬಿಡೋದು, ಅದು ಚೆನ್ನಾಗಿ ಉಬ್ಬಿ ತನ್ನ ಒಣ ತೂಕದ ಹತ್ತು ಪಟ್ಟಿಗಿಂತ ಹೆಚ್ಚು ನೀರು ಕುಡಿಯುತ್ತೆ, ಬೆಳಿಗ್ಗೆ 45 ಡಿಗ್ರಿ ನೀರಿಗೆ ಹಾಕಿದ್ರೆ ಕುಡಿದದ್ದನ್ನ ಕಕ್ಕುತ್ತೆ, ಆ ನೀರಿನ ಜೊತೆ ಕೊಳೆಯೂ ಹೊರಗೆ ಬರುತ್ತೆ, ಮತ್ತೆ ಹೊಸ ತಣ್ಣೀರು. ಪ್ರತಿ ಸಲ ತೊಳೆದ ನೀರನ್ನ ಯುವಿ ಸ್ಪೆಕ್ಟ್ರೋಫೋಟೋಮೀಟರಲ್ಲಿ (ದ್ರವ ಎಷ್ಟು ಬೆಳಕು ಹೀರುತ್ತೆ ಅಂತ ಅಳೆಯೋ ಯಂತ್ರ) ಹಾಕಿ ನೋಡ್ತಿದ್ದೆ, ಮಾನೋಮರಿನ ಡಬಲ್ ಬಾಂಡ್ ಯುವಿಯ ಕೆಳ ತುದಿಯಲ್ಲಿ ಬೆಳಕು ಹೀರುತ್ತೆ, ಆ ಗೆರೆ ದಿನದಿಂದ ದಿನಕ್ಕೆ ಇಳೀತಾ ಇಳೀತಾ ಬರೀ ನೀರಿನ ಗೆರೆಗೆ ಬಂದು ಸೇರೋವರೆಗೂ ಬಿಡಲಿಲ್ಲ. ಕೆಲವರು ಎರಡು ಸಲ ತೊಳೆದು ಮುಂದೆ ಹೋಗ್ತಾರೆ, ನನಗದು ಒಪ್ಪಿಗೆ ಇಲ್ಲ. ಬಯೋಮೆಡಿಕಲ್ ಅಂತ ಟೈಟಲ್ಲಲ್ಲಿ ಬರೆದ್ಮೇಲೆ ಆ ಪದಕ್ಕೆ ತಕ್ಕ ಕೆಲಸ ಮಾಡ್ಬೇಕು.

ಔಷಧಿ ಬದಲು ವಿಟಮಿನ್ ಬಿ12 ತಗೊಂಡ್ವಿ. ಇಂಜೆಕ್ಷನ್ನಲ್ಲಿ ಕೆಂಪಗೆ ಇರುತ್ತಲ್ಲ ಅದೇ, ಬಣ್ಣ ಇರೋದ್ರಿಂದ ಎಲ್ಲಿ ಹೋಗ್ತಿದೆ ಅಂತ ಕಣ್ಣಿಗೇ ಕಾಣುತ್ತೆ, 361 ನ್ಯಾನೋಮೀಟರಲ್ಲಿ ಅಳತೆಯೂ ಸುಲಭ. ಒಣಗಿಸಿದ ಬಿಲ್ಲೆಗಳನ್ನ ತಣ್ಣನೆ ಬಿ12 ದ್ರಾವಣದಲ್ಲಿ ನೆನೆಸಿದ್ರೆ ಗುಲಾಬಿ ಬಿಲ್ಲೆಗಳಾಗುತ್ವೆ. ಒಂದನ್ನ 25 ಡಿಗ್ರಿ ನೀರಿಗೆ, ಇನ್ನೊಂದನ್ನ 37ಕ್ಕೆ ಹಾಕಿ ನಿಗದಿತ ಸಮಯಕ್ಕೊಮ್ಮೆ ಸ್ವಲ್ಪ ನೀರು ತೆಗೆದು ಅಳೆದು, ತೆಗೆದಷ್ಟೇ ಹೊಸ ನೀರು ವಾಪಸ್ ಹಾಕೋದು. 25ರಲ್ಲಿ ಬಣ್ಣ ನಿಧಾನಕ್ಕೆ ಒಂದೇ ಸಮ ಹೊರಗೆ ಬಂತು. 37ರಲ್ಲಿ ಮೊದಲು ಭರ್ ಅಂತ ಒಂದಿಷ್ಟು ಬಂದು ಆಮೇಲೆ ಬಹುತೇಕ ನಿಂತೇ ಹೋಯ್ತು. ಬಿಲ್ಲೆ ಇನ್ನೂ ಕೆಂಪಗೇ ಇದೆ, ಒಳಗೆ ಮಾಲು ಇದೆ, ಹೊರಗೆ ಬರ್ತಾ ಇಲ್ಲ. ಹತ್ತಿರದಿಂದ ನೋಡಿದ್ರೆ ಬಿಲ್ಲೆ ಮೈಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದಿತ್ತು. ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟೋ ಹಾಗೆ, ಮೊದಲು ಬಿಸಿ ತಾಗಿದ ಹೊರ ಮೈ ಕುಗ್ಗಿ ದಟ್ಟ ಪದರ ಆಗಿಬಿಡುತ್ತೆ, ಒಳಗಿನ ನೀರು ಹೊರಗೆ ಬರೋಕೆ ದಾರಿ ಇಲ್ದೆ ಒತ್ತಡದಲ್ಲಿ ಗುಳ್ಳೆ ಏಳುತ್ತೆ. ಜಪಾನಿನ ತೆರುಒ ಒಕಾನೊ ಅವರ ಗುಂಪು ಇದೇ ಪದರವನ್ನ ಉಪಯೋಗಕ್ಕೆ ತಗೊಂಡಿದೆ, ಬಿಸಿಯಾದ್ರೆ ಔಷಧಿ ಬಂದ್, ತಣ್ಣಗಾದ್ರೆ ಚಾಲೂ, ಅಂತ ಸ್ವಿಚ್ಚಿನ ಹಾಗೆ.

ನಮಗೆ ಮಾತ್ರ ಬಿಸಿಯಲ್ಲೂ ಔಷಧಿ ಬರ್ಬೇಕಿತ್ತು. ಅಲ್ಲಿ ತನಾಕ ಮತ್ತು ಫಿಲ್ಮೋರ್ 1979ರಲ್ಲಿ ಕೊಟ್ಟ ಲೆಕ್ಕ ಕೈ ಹಿಡೀತು. ಜೆಲ್ ಹಿಗ್ಗೋಕೆ ಬೇಕಾಗೋ ಟೈಮು ಅದರ ಅಳತೆಯ ವರ್ಗಕ್ಕೆ ತಕ್ಕಂತೆ ಏರುತ್ತೆ, ಅಂದ್ರೆ ದಪ್ಪ ಅರ್ಧ ಮಾಡಿದ್ರೆ ಟೈಮು ಕಾಲು ಭಾಗಕ್ಕೆ ಇಳಿಯುತ್ತೆ. ತೆಳ್ಳಗೆ ಕತ್ತರಿಸೋಕೆ ಶುರು ಮಾಡಿದೆ, ಎರಡು ಗಾಜಿನ ಸ್ಲೈಡ್ ನಡುವೆ ದ್ರಾವಣ ಹುಯ್ದು ಹಾಳೆ ಥರ ಮಾಡಿದೆ. ಹಾಳೆ ಸರಸರ ಅಂತ ಕುಗ್ಗಿ ಹಿಗ್ಗುತ್ತೆ, ಬಣ್ಣವೂ ಹೆಚ್ಚು ಹೊರಗೆ ಬಂತು. ಪೇಪರ್‌ಗಳಲ್ಲಿ ಎಲ್ಲರೂ ಮೈಕ್ರೋಜೆಲ್, ನ್ಯಾನೋಜೆಲ್ ಅಂತ ಯಾಕೆ ಅಷ್ಟು ಚಿಕ್ಕದಕ್ಕೆ ಹೋಗ್ತಾರೆ ಅನ್ನೋದು ಇಲ್ಲಿ ಚೆನ್ನಾಗಿ ಅರ್ಥ ಆಗುತ್ತೆ.

ಇನ್ನೊಂದು ಮಾತು, ಮೈಯಲ್ಲಿ ಇರೋದು ಡಿಸ್ಟಿಲ್ಡ್ ವಾಟರ್ ಅಲ್ಲ. ಸಲೈನ್ ಅಂಶ ಇರೋ ಫಾಸ್ಫೇಟ್ ಬಫರಲ್ಲಿ ಇದೇ ಜೆಲ್ ಹಾಕಿದ್ರೆ ಬೆಳ್ಳಗಾಗೋ ತಾಪಮಾನ ಒಂದೆರಡು ಡಿಗ್ರಿ ಕೆಳಗೆ ಇಳಿಯುತ್ತೆ, ಉಪ್ಪು ಅಲ್ಲಿರೋ ನೀರನ್ನ ತನ್ನ ಕಡೆ ಎಳ್ಕೊಳ್ಳೋದ್ರಿಂದ. ಇಲ್ಲಿನ ಏಪ್ರಿಲ್‌ನಲ್ಲಿ ಆ ಒಂದೆರಡು ಡಿಗ್ರಿ ಅಂದ್ರೆ ಜೆಲ್ ಶೀಶೆಯೊಳಗೇ ಬೆಳ್ಳಗೆ ಕೂತಿರುತ್ತೆ, ಮೈಗೆ ಹಾಕೋ ಮೊದಲೇ ಕೆಲಸ ಮುಗಿದಿರುತ್ತೆ. ಆ ತಾಪಮಾನವನ್ನ ಮೇಲಕ್ಕೆ ಏರಿಸ್ಬೇಕಂದ್ರೆ ಚೂರು ಅಕ್ರಿಲಿಕ್ ಆಸಿಡ್ ಸೇರಿಸ್ತಾರೆ, ಸೇರಿಸಿ ನೋಡಿದ್ವಿ, ಪಿಎಚ್ 7.4ರಲ್ಲಿ ಅದು ಪೂರ್ತಿ ಚಾರ್ಜ್ ಆಗಿ ಜೆಲ್ 37ರಲ್ಲೂ ಕುಗ್ಗದೆ ಉಬ್ಬಿಕೊಂಡೇ ಕೂತಿತು, ಪಿಎಚ್ 4ಕ್ಕೆ ಇಳಿಸಿದ್ರೆ ಮತ್ತೆ ಕುಗ್ಗಿತು. ಅಂದ್ರೆ ಈಗ ಎರಡು ಕಿವಿ ಇರೋ ಜೆಲ್, ಶಾಖಕ್ಕೂ ಕೇಳುತ್ತೆ ಪಿಎಚ್‌ಗೂ ಕೇಳುತ್ತೆ. ಎಷ್ಟು ಸೇರಿಸ್ಬೇಕು ಅನ್ನೋದರ ಮೇಲೇ ಎಲ್ಲಾ ನಿಂತಿದೆ, ಅಳತೆ ಮಾಡೋವಾಗ ತಕ್ಕಡಿ ಮುಂದೆ ಫ್ಯಾನ್ ಆಫ್ ಮಾಡಿ ಉಸಿರು ಬಿಗಿ ಹಿಡಿದು ಕೂರ್ತಿದ್ವಿ.

ತೊಳೆದ ಜೆಲ್ಲಿನ ಸ್ಯಾಂಪಲ್‌ಗಳನ್ನ ಜೀವಕೋಶದ ಮೇಲೆ ಟೆಸ್ಟ್ ಮಾಡ್ಸೋಕೆ ಮೈಸೂರಿಗೆ ತಗೊಂಡು ಹೋದ್ವಿ, ಹೊಳೆನರಸೀಪುರದ ಮೇಲೆ ಹೋಗೋ ಟ್ರೈನಲ್ಲಿ, ಥರ್ಮೋಕೋಲ್ ಡಬ್ಬಿ ಮಡಿಲಲ್ಲಿ ಇಟ್ಕೊಂಡು. ಬೇಕಂತಲೇ ಎರಡು ಥರ ಕೊಟ್ವಿ, ಒಂದೇ ಸಲ ತೊಳೆದದ್ದು, ಯುವಿ ಗೆರೆ ಪೂರ್ತಿ ಇಳಿಯೋವರೆಗೂ ತೊಳೆದದ್ದು. ಜೆಲ್ ನೆನೆಸಿದ ದ್ರವವನ್ನ ಜೀವಕೋಶಗಳಿಗೆ ಹಾಕಿ ಎಂಟಿಟಿ ಅನ್ನೋ ಹಳದಿ ಬಣ್ಣ ಕೊಡ್ತಾರೆ, ಬದುಕಿರೋ ಕೋಶ ಅದನ್ನ ನೇರಳೆ ಮಾಡುತ್ತೆ, ಸತ್ತದ್ದು ಮಾಡಲ್ಲ. ಐಎಸ್‌ಒ 10993-5 ಅನ್ನೋ ನಿಯಮದ ಪ್ರಕಾರ ಶೇ. 70ಕ್ಕಿಂತ ಕಡಿಮೆ ಕೋಶ ಬದುಕಿದ್ರೆ ಆ ವಸ್ತು ಕೋಶಕ್ಕೆ ವಿಷ ಅಂತ ಲೆಕ್ಕ. ರಿಪೋರ್ಟ್ ಬಂದಾಗ ಪೂರ್ತಿ ತೊಳೆದದ್ದು ಆ ಗೆರೆಯ ಮೇಲಿತ್ತು, ಒಂದು ಸಲ ತೊಳೆದದ್ದು ಕೆಳಗಿತ್ತು. ಒಂದೇ ಸಿರಿಂಜಿಂದ ಬಂದ ಬಿಲ್ಲೆಗಳು, ನೋಡೋಕೆ ಒಂದೇ ಥರ, ಕುಗ್ಗೋದೂ ಒಂದೇ ಥರ. ಆ ಪ್ಲೇಟಿನ ಫೋಟೋ, ಒಂದು ಸಾಲು ಗಾಢ ನೇರಳೆ ಇನ್ನೊಂದು ಸಾಲು ಮಂಕು, ಅದನ್ನ ವೈವಾದಲ್ಲಿ ಮೊದಲ ಸ್ಲೈಡಿಗೇ ಹಾಕಿದೆ.

ವೈವಾದಲ್ಲಿ ಎಕ್ಸ್‌ಟರ್ನಲ್ ಸರ್ ಕೇಳಿದ್ರು, ಇದು ಮೈ ಒಳಗೆ ಕೊಳೆಯಲ್ಲವಲ್ಲಮ್ಮ, ಕಾರ್ಬನ್-ಕಾರ್ಬನ್ ಬೆನ್ನೆಲುಬು, ಹೊರಗೆ ಹೇಗೆ ತೆಗೀತೀಯ ಅಂತ. ನ್ಯಾಯವಾದ ಪ್ರಶ್ನೆ, ಪಿನೈಪಾಮ್‌ನ ದೊಡ್ಡ ಕೊರತೆ ಅದೇ. ನಾನು ಒಕಾನೊ ಅವರ ಇನ್ನೊಂದು ಕೆಲಸ ಹೇಳಿದೆ, ಅಲ್ಲಿ ಪಾಲಿಮರ್ ಮೈ ಒಳಗೆ ಹೋಗೋದೇ ಇಲ್ಲ. ಜೀವಕೋಶ ಬೆಳೆಸೋ ಡಿಶ್ ತಳಕ್ಕೆ ಇದನ್ನ ತೆಳ್ಳಗೆ ಅಂಟಿಸಿರ್ತಾರೆ, 37ರಲ್ಲಿ ಕೋಶಗಳು ಅದಕ್ಕೆ ಅಂಟ್ಕೊಂಡು ಹಾಳೆಯಾಗಿ ಬೆಳೆಯುತ್ವೆ, 20 ಡಿಗ್ರಿಗೆ ಇಳಿಸಿದ್ರೆ ತಳ ನೀರು ಕುಡಿದು ಹಾಳೆ ತಾನಾಗೇ ಬಿಟ್ಕೊಳ್ಳುತ್ತೆ, ಕೋಶ ಕೀಳೋಕೆ ಟ್ರಿಪ್ಸಿನ್ ಅನ್ನೋ ಕಿಣ್ವ ಹಾಕಿ ಪ್ರೋಟೀನ್ ಕತ್ತರಿಸೋ ಅಗತ್ಯವೇ ಇಲ್ಲ. 2004ರಲ್ಲಿ ಕೊಹ್ಜಿ ನಿಶಿದಾ ಮತ್ತು ಜೊತೆಗಾರರು ನಾಲ್ಕು ಜನ ರೋಗಿಗಳ ಬಾಯೊಳಗಿನ ಚರ್ಮದ ಕೋಶ ತೆಗೆದು ಹೀಗೆ ಹಾಳೆ ಬೆಳೆಸಿ ಅವರ ಕಣ್ಣಿನ ಕಾರ್ನಿಯಾ ಮೇಲೆ ಹೊಲಿಗೆ ಹಾಕದೇ ಕೂರಿಸಿದ್ರು, ನೋಟ ಸುಧಾರಿಸ್ತು. ಸರ್ ಅದನ್ನ ಒಪ್ಪಿದ್ರು. ಗಾಯದ ಪಟ್ಟಿಗೂ ಹೀಗೇ, ಹೊರಗಿಂದ ಹಾಕಿ ಹೊರಗಿಂದ ತೆಗೆಯೋದಾದ್ರೆ ಕೊಳೆಯೋ ಪ್ರಶ್ನೆ ಅಷ್ಟು ಕಾಡಲ್ಲ. ಶುಗರ್ ಇರೋರ ಕಾಲಿನ ಗಾಯಕ್ಕೆ ದಿನಾ ಗಾಜ್ ಕೀಳುವಾಗ ಹೊಸದಾಗಿ ಬಂದ ಚರ್ಮವೂ ಕಿತ್ಕೊಂಡು ಬರೋದನ್ನ ನೋಡಿದವರಿಗೆ, ತಣ್ಣೀರು ಹಾಕಿದ್ರೆ ತಾನೇ ಬಿಟ್ಕೊಳ್ಳೋ ಪಟ್ಟಿ ಅಂದ್ರೆ ಏನು ಅಂತ ವಿವರಿಸ್ಬೇಕಾಗಿಲ್ಲ. ನಾನು ಮುಂದೆ ಮಾಡ್ಬೇಕು ಅಂದ್ಕೊಂಡಿರೋದು ಅದೇ, ಸಿಗಡಿ ಏಡಿ ಚಿಪ್ಪಿಂದ ತೆಗೆಯೋ ಚಿಟೋಸಾನ್ ಅನ್ನೋ ಪಾಲಿಮರ್ ಜೊತೆ ಸೇರಿಸಿ.

ಸಣ್ಣ ಊರಿನ ಕಾಲೇಜುಗಳಲ್ಲಿ ಇದನ್ನ ಮಾಡ್ಬೇಕು ಅಂತಿರೋರಿಗೆ, ನೈಟ್ರೋಜನ್ ಸಿಲಿಂಡರ್ ಇಲ್ಲ ಅಂತ ಕೈ ಬಿಡ್ಬೇಡಿ. ಪೊಲಾಕ್ಸಮರ್ 407 ಅಂತ ರೆಡಿ ಪಾಲಿಮರ್ ಪುಡಿ ಸಿಗುತ್ತೆ, ಕ್ರೀಮು ಔಷಧಿಗಳಲ್ಲೆಲ್ಲಾ ಬಳಸೋದು, ಅದರಲ್ಲಿ ರಿಯಾಕ್ಷನ್ನೇ ಇಲ್ಲ, ಮಾನೋಮರ್ ತೊಳೆಯೋ ತಲೆನೋವೂ ಇಲ್ಲ. ಐಸ್‌ನಂಥ ತಣ್ಣೀರಿಗೆ ಪುಡಿಯನ್ನ ಸ್ವಲ್ಪ ಸ್ವಲ್ಪ ಉದುರಿಸ್ತಾ ಶೇ. 18ರಿಂದ 20 ದ್ರಾವಣ ಮಾಡಿ, ಉಂಡೆ ಕಟ್ಟಿದ್ರೆ ಗಾಬರಿ ಬೇಡ, ರಾತ್ರಿ ಫ್ರಿಜ್ಜಲ್ಲಿಟ್ರೆ ಬೆಳಿಗ್ಗೆಗೆ ತಿಳಿಯಾಗಿರುತ್ತೆ. ಫ್ರಿಜ್ಜಿಂದ ತೆಗೆದಾಗ ನೀರಿನ ಹಾಗೆ ಸುರಿಯುತ್ತೆ, 37ರ ವಾಟರ್ ಬಾತಲ್ಲಿ ಇಟ್ರೆ ಟ್ಯೂಬ್ ತಲೆಕೆಳಗೆ ಮಾಡಿದ್ರೂ ಬೀಳದಷ್ಟು ಗಟ್ಟಿಯಾಗುತ್ತೆ. ಅರ್ಧ ಡಿಗ್ರಿ ಅರ್ಧ ಡಿಗ್ರಿ ಏರಿಸ್ತಾ ಯಾವ ತಾಪಮಾನಕ್ಕೆ ಹರಿಯೋದು ನಿಲ್ಲುತ್ತೆ ಅಂತ ಬರ್ಕೊಳ್ಳಿ, ಆಮೇಲೆ ಅದೇ ದ್ರಾವಣಕ್ಕೆ ಉಪ್ಪು ಹಾಕಿ ಮತ್ತೆ ನೋಡಿ. ಬೇಕಿರೋದು ಒಂದು ಫ್ರಿಜ್ಜು, ಒಂದು ಥರ್ಮಾಮೀಟರ್, ಕೆಲವು ಟೆಸ್ಟ್ ಟ್ಯೂಬು.